ಎಂಬಿಎ ಓದ್ಲಾ, ಸೀದಾ ಕಾಫಿಪುಡಿ ಬಿಸ್ನೆಸ್ ಶುರು ಮಾಡ್ಲಾ?

ನಿಮ್ಮ ಪ್ರಶ್ನೆ ಓದ್ದೆ. ಬಿಕಾಂ ಆಗಿದೆ, ಕೊಡಗಿನ ಸುಂಟಿಕೊಪ್ಪ ಹತ್ರ ಮನೇದು 4 ಎಕರೆ ರೊಬಸ್ಟಾ ಕಾಫಿ ತೋಟ ಇದೆ, ಸ್ವಂತ ಹೆಸರಲ್ಲಿ ಕಾಫಿಪುಡಿ ಮಾರ್ಬೇಕು, ಅದಕ್ಕೆ ಮುಂಚೆ 2 ವರ್ಷ ಬೆಂಗಳೂರಲ್ಲಿ ಎಂಟರ್‌ಪ್ರೆನ್ಯೂರ್‌ಶಿಪ್ ಎಂಬಿಎ ಓದ್ಲಾ ಇಲ್ಲಾ ಆ ದುಡ್ಡಿಗೆ ಕಾಫಿ ಹುರಿಯೋ ರೋಸ್ಟರ್ ತಗೊಳ್ಲಾ, ಅಪ್ಪ ಬೇರೆ ಒಪ್ತಿಲ್ಲ ಅಂತ ಬರ್ದಿದೀರಿ. ನಾನು ಸೋಮವಾರಪೇಟೆ ಕಡೆಯೋನು, ಇದೇ ಪುಡಿ ಕೆಲ್ಸ ಮಾಡ್ತಿರೋನು. ಸದ್ಯಕ್ಕೆ ಎರಡೂ ಬೇಡ ಅಂತೀನಿ.

ಯಾಕೆ ಅಂದ್ರೆ ನಾನು ಮಿಷನ್ನಿಂದ ಶುರು ಮಾಡಿದೋನು. 2018ರ ಆಗಸ್ಟ್ ಮಳೆ, ಗುಡ್ಡ ಕುಸಿತ ಎಲ್ಲಾ ಆದ್ಮೇಲೆ ಬೆಂಗಳೂರು ಕೆಲ್ಸ ಬಿಟ್ಟು ಊರಿಗೆ ಬಂದೆ, ಸಾಲ ಮಾಡಿ ರೋಸ್ಟರ್ ತಂದೆ, ಗ್ರೈಂಡರ್ ತಂದೆ, ಲೇಬಲ್ ಡಿಸೈನಿಗೇ ಒಂದು ತಿಂಗ್ಳು ಕಳ್ದೆ. ಹುರಿದ ದಿನವೇ ಪುಡಿ ಮಾಡಿ ಸಾದಾ ಕವರಲ್ಲಿ ಗಟ್ಟಿಯಾಗಿ ಸೀಲ್ ಹಾಕ್ದೆ. ನಾಲ್ಕೇ ದಿನಕ್ಕೆ ಅಂಗಡಿಯೋನ ಫೋನು, "ನಿಮ್ ಪ್ಯಾಕೆಟ್ಟು ಬಲೂನ್ ಆಗಿದೆ, ತಗೊಂಡೋಗಿ" ಅಂತ. ಹುರಿದ ಕಾಫಿ ಕೆಲವು ದಿನ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೇ ಇರುತ್ತೆ, ಅದಕ್ಕೇ ಕಾಫಿಗಂತಲೇ ಬರೋ ಕವರಲ್ಲಿ ಗ್ಯಾಸ್ ಹೊರಗೆ ಹೋಗೋಕೆ ಸಣ್ಣ ವಾಲ್ವ್ ಇರೋದು, ಇಲ್ಲಾಂದ್ರೆ ಒಂದೆರಡು ದಿನ ಬಿಟ್ಟು ಪ್ಯಾಕ್ ಮಾಡ್ಬೇಕು. ಮೂರು ತಲೆಮಾರು ಕಾಫಿ ಬೆಳ್ದಿರೋ ಮನೆ ನಮ್ದು, ಇಷ್ಟೂ ಗೊತ್ತಿರ್ಲಿಲ್ಲ, ಯಾಕಂದ್ರೆ ನಮ್ಗೆ ಕಾಫಿ ಅಂದ್ರೆ ಹಣ್ಣನ್ನ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ, ಆ ಚೆರ್ರೀನ ಮೂಟೆ ಕಟ್ಟಿ ವ್ಯಾಪಾರಿ ಲಾರಿಗೆ ಹಾಕೋವರೆಗೆ ಮಾತ್ರ.

ಅದು ಸಣ್ಣ ಪೆಟ್ಟು. ದೊಡ್ಡದು ಲೆಕ್ಕದಲ್ಲಿತ್ತು. ಒಂದು ವರ್ಷ ಮಾರಿ ಲಾಭ ಬಂತು ಅಂತ ಖುಷಿಯಾಗಿದ್ದೆ. ಆಮೇಲೆ ಒಂದು ಟ್ರೈನಿಂಗಿಗೆ ಹೋದಾಗ ಅಲ್ಲಿದ್ದ ಮೇಷ್ಟ್ರು ನನ್ನ ಪುಸ್ತಕ ನೋಡಿ, ಕಚ್ಚಾ ಮಾಲಿನ ಕಾಲಮ್ ಯಾಕೆ ಖಾಲಿ ಅಂತ ಕೇಳಿದ್ರು. ಮನೆ ತೋಟದ್ದಲ್ವಾ ಸಾರ್ ಅಂದೆ. "ಆ ಚೆರ್ರೀನ ಅವತ್ತು ವ್ಯಾಪಾರಿಗೆ ಕೊಟ್ಟಿದ್ರೆ ಎಷ್ಟು ಸಿಗ್ತಿತ್ತು" ಅಂದ್ರು. ಅಲ್ಲೇ ಕೂತು ಕೂಡಿಸ್ದೆ, ನಾನು ವರ್ಷವಿಡೀ ಮಾಡಿದ್ದು ಅಮ್ಮನ ಕಾಫಿ ಪುಕ್ಕಟೆ ತಗೊಂಡು ಚೆರ್ರಿ ರೇಟಿಗಿಂತ ಕಡ್ಮೆ ದುಡ್ಡಿಗೆ ಊರಿಗೆ ಹಂಚಿರೋ ಕೆಲ್ಸ.

ನೀವೂ ಒಂದ್ಸಲ ಹಾಕಿ ನೋಡಿ. ಸುಲಭಕ್ಕೆ ರೊಬಸ್ಟಾ ಚೆರ್ರಿ 50 ಕೆಜಿ ಮೂಟೆಗೆ 10,000 ಅಂತ ಇಟ್ಕೊಳ್ಳಿ. ಔಟ್‌ಟರ್ನ್ 26 ಅಂದ್ರೆ ಹಲ್ಲಿಂಗ್ ಮಾಡಿ ಸಿಪ್ಪೆ ತೆಗೆದ್ಮೇಲೆ ಆ ಮೂಟೇಲಿ ಸಿಗೋದು 26 ಕೆಜಿ ಬೀಜ. ಹುರಿಯುವಾಗ ತೂಕದಲ್ಲಿ ನೂರಕ್ಕೆ 15ರಿಂದ 20 ಹೋಗುತ್ತೆ, ಕೈಗೆ ಸಿಗೋದು 21-22 ಕೆಜಿ. ಅಲ್ಲಿಗೇ ಕೆಜಿಗೆ 460ರ ಹತ್ರ ಆಯ್ತು. ಹಲ್ಲಿಂಗ್, ಗ್ಯಾಸು, ಕರೆಂಟು, ಕವರ್, ಲೇಬಲ್ಲು ಅಂತ ಒಂದು 70 ಸೇರ್ಸಿ, 530. ಅಂಗಡಿಯೋರಿಗೆ ನೂರಕ್ಕೆ 20 ಬಿಟ್ರೆ ಎಂಆರ್‌ಪಿ 660 ಹಾಕಿದ್ರೂ ನಿಮ್ಗೆ ಉಳಿಯೋದು ಸೊನ್ನೆ, ನಿಮ್ಮ ಸಂಬಳ ಇನ್ನೂ ಸೇರ್ಸಿಲ್ಲ! ಚಿಕೋರಿ ಬೆರೆಸಿದ್ರೆ ರೇಟು ಇಳಿಯುತ್ತೆ ನಿಜ, ಆದ್ರೆ ಕಾಫಿ ನೂರಕ್ಕೆ 51ಕ್ಕಿಂತ ಕಡ್ಮೆ ಆಗಂಗಿಲ್ಲ, ಎಷ್ಟು ಬೆರೆಸಿದೀವಿ ಅಂತ ಪ್ಯಾಕೆಟ್ ಮೇಲೆ ಹಾಕ್ಲೇಬೇಕು. 2024ರಲ್ಲಿ ರೊಬಸ್ಟಾ ರೇಟು ಆ ಪಾಟಿ ಏರ್ದಾಗ ಪುಡಿ ಮಾಡ್ದೆ ಸುಮ್ನೆ ಚೆರ್ರಿ ಮಾರಿದೋರೇ ಜಾಣರು ಅನ್ಸಿತ್ತು ನಂಗೆ, ಸುಳ್ಳು ಹೇಳಲ್ಲ.

ಹಂಗಂತ ಓದು ದಂಡ ಅಂತ ಅಲ್ಲ, ನನ್ನ ಕಣ್ಣು ತೆರ್ಸಿದ್ದೇ ಆ ಕ್ಲಾಸು. ಆದ್ರೆ ಅದಕ್ಕೆ 2 ವರ್ಷ, ಲಕ್ಷಗಟ್ಲೆ ಫೀಸು ಬೇಕಾಗಿಲ್ಲ. 1982ರಲ್ಲಿ ಉಜಿರೇಲಿ ಧರ್ಮಸ್ಥಳದೋರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಶುರು ಮಾಡಿದ, ಸ್ವಂತ ಉದ್ಯೋಗದ ಟ್ರೈನಿಂಗ್ ಕೊಡೋ ರುಡ್‌ಸೆಟಿ ಇದ್ಯಲ್ಲ, ಅದನ್ನ ನೋಡಿಯೇ ಆಮೇಲೆ ದೇಶಾದ್ಯಂತ ಅಂಥದೇ ಟ್ರೈನಿಂಗ್ ಕೇಂದ್ರಗಳು, ಆರ್‌ಸೆಟಿಗಳು ಬಂದಿದ್ದು, ಅಲ್ಲಿ ಊಟ ವಸತಿ ಸಮೇತ ಫ್ರೀ. ಮೈಸೂರಲ್ಲೂ ಇದೆ. ಸ್ವಯಂ ವೆಬ್‌ಸೈಟಲ್ಲಿ ಐಐಟಿ, ಐಐಎಂ ಮೇಷ್ಟ್ರುಗಳ ಕೋರ್ಸುಗಳಿವೆ, ಪರೀಕ್ಷೆ ಬರ್ದು ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ದುಡ್ಡು. ಹುರಿಯೋದು, ರುಚಿ ನೋಡೋದು ಕಲಿಯೋಕೆ ಕಾಫಿ ಬೋರ್ಡಿನ ಕಾಪಿ ಶಾಸ್ತ್ರ ಅನ್ನೋ ಚಿಕ್ಕ ಟ್ರೈನಿಂಗು. ಎಂಬಿಎ ಸಿಲೆಬಸ್ಸಲ್ಲಿ ನಂಗೆ ನಿಜವಾಗ್ಲೂ ಹಿಡಿಸಿದ್ದು ಸರಸ್ ಸರಸ್ವತಿ ಅನ್ನೋ ಪ್ರೊಫೆಸರ್ ವಿಚಾರ. ಅವ್ರು ದೊಡ್ಡ ದೊಡ್ಡ ಕಂಪನಿ ಕಟ್ಟಿದ 27 ಜನರನ್ನ ಕೂರಿಸಿ, ನೀವು ಹೆಂಗೆ ಯೋಚ್ನೆ ಮಾಡ್ತೀರಿ ಅಂತ ನೋಡಿದ್ರು, 2001ರಲ್ಲಿ ಬರೆದ್ರು. ಎಷ್ಟು ಲಾಭ ಬರ್ಬೋದು ಅಂತ ಅಲ್ಲ, ಎಷ್ಟು ಹೋದ್ರೂ ತಡ್ಕೊಬೋದು ಅಂತ ಮೊದ್ಲು ನೋಡ್ತಾರಂತೆ ಆ ಕಂಪನಿ ಕಟ್ಟಿದೋರು. ನಾನು ಅದನ್ನ ರೋಸ್ಟರ್ ಸಾಲಕ್ಕೆ ಮುಂಚೆ ಓದಿದ್ರೆ ಅಮ್ಮನ ಬಳೆ ಬ್ಯಾಂಕಲ್ಲಿ ಇರ್ತಿರ್ಲಿಲ್ಲ.

ಸಬ್ಸಿಡಿ ಬಗ್ಗೆ ಎಲ್ರೂ ಕೇಳ್ತಾರೆ. ಸ್ವಂತ ಉದ್ಯಮಕ್ಕೆ ಸಾಲದ ಜೊತೆ ಸಬ್ಸಿಡಿ ಕೊಡೋ ಕೇಂದ್ರ ಸರ್ಕಾರದ ಪಿಎಂಇಜಿಪೀಲಿ ಹಳ್ಳಿ ಕಡೆ ಜನರಲ್‌ಗೆ ನೂರಕ್ಕೆ 25, ಹೆಂಗಸರು, ಮಾಜಿ ಸೈನಿಕರು, ಎಸ್‌ಸಿ ಎಸ್‌ಟಿ, ಒಬಿಸಿ ಇಂಥೋರಿಗೆ 35. ಕೊಡಗಲ್ಲಿ ಆರ್ಮಿಯಿಂದ ರಿಟೈರ್ ಆಗಿ ಬಂದೋರು ಮನೆಗೊಬ್ರು ಸಿಗ್ತಾರೆ, ಅವ್ರೇ ಅರ್ಜಿ ಹಾಕಿದ್ರೆ ಲಾಭ. ಆದ್ರೆ ಆ ದುಡ್ಡು ನಿಮ್ಮ ಕೈಗೆ ಬರಲ್ಲ, 3 ವರ್ಷ ಬ್ಯಾಂಕಲ್ಲೇ ಡೆಪಾಸಿಟ್ ಆಗಿ ಕೂತಿರುತ್ತೆ, ಯೂನಿಟ್ ನಡೀತಿದ್ರೆ ಆಮೇಲೆ ಸಾಲಕ್ಕೆ ವಜಾ. ಸಣ್ಣ ಉದ್ಯಮಗಳಿಗಿರೋ ಉದ್ಯಮ್ ರಿಜಿಸ್ಟ್ರೇಷನ್ ಆನ್‌ಲೈನಲ್ಲಿ ಫ್ರೀ, ಅದಕ್ಕೆ ದುಡ್ಡು ಕೇಳಿದೋರಿಗೆ ಕೊಡ್ಬೇಡಿ. ಸಣ್ಣ ವ್ಯಾಪಾರಕ್ಕೆ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಬೇಸಿಕ್ ರಿಜಿಸ್ಟ್ರೇಷನ್ ಸಾಕು, ನಾನು ಮಾಡಿಸ್ದಾಗ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಅದು ಅಂತ ಇತ್ತು, ಫೀಸು ವರ್ಷಕ್ಕೆ 100 ರೂಪಾಯಿ.

ಇನ್ನೊಂದು, ಇದನ್ನ ಯಾವ ಕೋರ್ಸೂ ಹೇಳಲ್ಲ, ಹೋಮ್‌ಸ್ಟೇನೋರಿಗೆ ಕಡ ಕೊಡೋ ಮುಂಚೆ ಕ್ಯಾಲೆಂಡರ್ ನೋಡಿ. ಮೇ ಕೊನೇಲಿ ಕೊಟ್ಟ ಪುಡಿಯ ದುಡ್ಡು ಜುಲೈ-ಆಗಸ್ಟಿನ ಕಕ್ಕಡ ಮಾಸ ಮುಗಿದ್ರೂ ಬರಲ್ಲ, ಮಳೇಲಿ ಅವ್ರಿಗೇ ಗೆಸ್ಟ್ ಇರಲ್ಲ ಪಾಪ. ಇತ್ಲಾಗೆ ಕಾಫಿ ಕುಯ್ಲು ಮುಗಿದಾಗ ಇಡೀ ವರ್ಷದ ಚೆರ್ರಿ ನೀವೇ ಎತ್ತಿಟ್ಕೋಬೇಕು, ದುಡ್ಡೆಲ್ಲಾ ಗೋಡೌನಲ್ಲಿ ಮಲ್ಗಿರುತ್ತೆ. ಪುಸ್ತಕದಲ್ಲಿ ಲಾಭ, ಜೇಬಲ್ಲಿ ಬಸ್ ಚಾರ್ಜಿಗೆ ಗತಿ ಇಲ್ಲ.

ಅದಕ್ಕೇ ಹೇಳೋದು, ಈ ವರ್ಷ ಬರೀ ಎರಡು ಮೂಟೆ. ಕುಶಾಲನಗರ ಕಡೆ ಹಲ್ಲಿಂಗ್ ಮಾಡ್ಸಿ, ಮಿಷನ್ ಇರೋರ ಹತ್ರ ಕೂಲಿ ಕೊಟ್ಟು ಹುರಿಸ್ಕೊಳ್ಳಿ, ಮಡಿಕೇರಿ ಶುಕ್ರವಾರದ ಸಂತೇಲಿ ನಿಂತು ನೀವೇ ಮಾರಿ. ಒಂದ್ಸಲ ತಗೊಂಡೋರು ಎರಡನೇ ಸಲ ಬರ್ತಾರಾ ನೋಡಿ, ಬಂದ್ರೆ ಆಮೇಲೆ ಮಿಷನ್ ಮಾತು.

ಅಪ್ಪ ಒಪ್ತಿಲ್ಲ ಅಂದ್ರಲ್ಲ, ಆ ಎರಡು ಮೂಟೇನ ಅವ್ರಿಂದ ಅವತ್ತಿನ ಮಾರ್ಕೆಟ್ ರೇಟಿಗೇ ಕ್ಯಾಶ್ ಕೊಟ್ಟು ತಗೊಳ್ಳಿ, ಪುಸ್ತಕದಲ್ಲಿ ಬರ್ದಿಡಿ. ನಾನೀಗ ಅಮ್ಮಂಗೆ ಹಂಗೇ ಕೊಡೋದು. ನಾನು ಮೂಟೆಗೆ 100 ರೂಪಾಯಿ ಚೌಕಾಸಿಗೆ ಇಳಿದ್ರೆ ಸಾಕು, ಅಮ್ಮ ಮೊಬೈಲ್ ತೆಗ್ದು ವ್ಯಾಪಾರಿ ನಂಬರ್ ತೋರಿಸ್ತಾರೆ.