ಬ್ರೆಕ್ಸಿಟ್ ಪ್ರಚಾರದಲ್ಲಿ ಮಾಧ್ಯಮ ಪಕ್ಷಪಾತ ಮಾಡಿತ್ತಾ?

ದಾವಣಗೆರೆಯ ಚರ್ಚಾ ಸ್ಪರ್ಧೆಗೆ ಅಂತ ಕೇಳಿದ್ದೀರಿ, 2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ (ಬ್ರಿಟನ್ ಯುರೋಪ್ ಒಕ್ಕೂಟದಲ್ಲಿ ಉಳಿಯಬೇಕೋ ಹೊರಬರಬೇಕೋ ಎಂಬ ಮತದಾನ) ಮಾಧ್ಯಮ ಒಂದು ಕಡೆ ವಾಲಿತ್ತಾ ಅಂತ. ಪತ್ರಿಕೆ, ಟಿವಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬ್ರಿಟನ್‌ನಲ್ಲಿ ಪತ್ರಿಕೆಗಳು ರಾಜಾರೋಷವಾಗಿ ಪಕ್ಷ ವಹಿಸಬಹುದು. ಸನ್, ಡೇಲಿ ಮೇಲ್ ಹೊರಬರೋಣ ಎಂದವು. ಗಾರ್ಡಿಯನ್ ಉಳಿಯೋಣ ಎಂದಿತು. ಟಿವಿಗೆ ಮಾತ್ರ ನಿಷ್ಪಕ್ಷಪಾತದ ನಿಯಮ ಇದೆ.

ನನ್ನನ್ನು ಕೇಳಿದರೆ, ಎಡವಟ್ಟಾಗಿದ್ದೇ ಆ ನಿಯಮದಲ್ಲಿ. ಹೊರಬರೋಣ ಎನ್ನುವವರು ಯುರೋಪ್ ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸ್ತಿದ್ದೀವಿ ಎಂದು ಕೆಂಪು ಬಸ್ಸಿನ ಮೇಲೆ ಬರೆಸಿದ್ದರು. ಬ್ರಿಟನ್‌ಗೆ ಆಗ ಸಿಗುತ್ತಿದ್ದ ರಿಯಾಯಿತಿಯನ್ನು ಅದರಲ್ಲಿ ಕಳೆದೇ ಇರಲಿಲ್ಲ. ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಇದು ದಾರಿ ತಪ್ಪಿಸುತ್ತೆ ಎಂದಿತ್ತು. ಟಿವಿಯವರು ಎರಡೂ ಕಡೆಯವರಿಗೆ ಸಮ ಸಮಯ ಕೊಟ್ಟರೆ ಸಾಕೇ, ಸುಳ್ಳನ್ನು ಸುಳ್ಳು ಅನ್ನಬೇಕಲ್ವಾ? ಸ್ಪರ್ಧೆಯಲ್ಲಿ ಈ ಬಸ್ಸನ್ನೇ ಹಿಡಿದುಕೊಳ್ಳಿ. ಎದುರಿನವರು ಹೊರಬರೋಣ ಎನ್ನುವುದಕ್ಕೆ 51.9 ಶೇಕಡಾ ಮತ ಬಿದ್ದಿದ್ದು ಬಸ್ಸಿನಿಂದಲೇನಾ ಅಂತ ಕೇಳಿಯೇ ಕೇಳ್ತಾರೆ, ಅದಕ್ಕೂ ತಯಾರಾಗಿರಿ.