ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಕಾರು ಸಿಕ್ಕಿಹಾಕಿಕೊಂಡರೆ ಏನೇನು ಜೊತೆಗಿರಬೇಕು?

ಜುಲೈನಲ್ಲಿ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟಿದ್ದೀರಿ, ಜೊತೆಗೆ ಸಕ್ಕರೆ ಕಾಯಿಲೆಯ ತಾಯಿ ಮತ್ತು ಪುಟ್ಟ ಮಗು ಎಂದು ಬರೆದಿದ್ದೀರಿ. ನಮ್ಮದು ಮೂಡಿಗೆರೆ ಕಡೆ, ಈ ರಸ್ತೆಯಲ್ಲೇ ಓಡಾಟ. ಒಂದೆರಡು ಗಂಟೆಯಲ್ಲಿ ದಾರಿ ಬಿಡುತ್ತಾರೆ ಎಂಬ ಲೆಕ್ಕದಲ್ಲಿ ಬರಬೇಡಿ. ರಾತ್ರಿಯಿಡೀ ಕಾರಲ್ಲೇ ಕೂರಬೇಕಾದೀತು ಅಂದುಕೊಂಡೇ ಸಾಮಾನು ಕಟ್ಟಿ. 2018ರ ಜೂನ್‌ನಲ್ಲಿ ಗುಡ್ಡ ಕುಸಿದಾಗ ನೂರಾರು ಜನ ಹಾಗೆ ಕೂತಿದ್ದರು.

ಮೂಡಿಗೆರೆಯಲ್ಲೇ ಟ್ಯಾಂಕ್ ತುಂಬಿಸಿ. ಘಾಟಿ ಇಳಿಯುವ ಮುಂಚೆ ಸಿಗುವ ಊರು ಕೊಟ್ಟಿಗೆಹಾರ, ಅದು ದಾಟಿದರೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಅಲ್ಲಿಂದಲೇ ಮನೆಗೆ ಫೋನ್ ಮಾಡಿ ಎಷ್ಟೊತ್ತಿಗೆ ಕೆಳಗೆ ತಲುಪುತ್ತೀರಿ ಅಂತ ಹೇಳಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ, ಬೇರೆ ಕಂಪನಿಯ ಟವರ್ ಹಿಡಿದರೂ ಕರೆ ಹೋಗುತ್ತದೆ. ಅಮ್ಮನ ಇನ್ಸುಲಿನ್, ಮಾತ್ರೆ, ಗ್ಲೂಕೋಸ್ ಡಿಕ್ಕಿಯಲ್ಲಿ ಬೇಡ, ಕೈಚೀಲದಲ್ಲಿರಲಿ. ಅವಲಕ್ಕಿ, ಹುರಿಗಡಲೆ, ಬಾಳೆಹಣ್ಣು, ಮಗುವಿನ ಹಾಲಿನ ಪುಡಿ, ಫ್ಲಾಸ್ಕಲ್ಲಿ ಬಿಸಿನೀರು, ಕಂಬಳಿ, ಒಣಬಟ್ಟೆ, ಟಾರ್ಚು, ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ಹೆಂಗಸರಿಗೆ ದೊಡ್ಡ ಕಷ್ಟವೆಂದರೆ ಮೂತ್ರಕ್ಕೆ ಹೋಗುವುದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಮಧ್ಯೆ ಸಾಲುಗಟ್ಟಿದ ವಾಹನ. ನಾಚಿಕೆಗೆ ನೀರೇ ಕುಡಿಯದೆ ಕೂರುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಸಲ್ಲದು. ಎರಡು ದೊಡ್ಡ ಕೊಡೆ, ಒಂದು ಹಳೇ ಸೀರೆ ಇದ್ದರೆ ಕಾರಿನ ಬಾಗಿಲ ಪಕ್ಕದಲ್ಲೇ ಮರೆ ಮಾಡಬಹುದು. ಕಾಲಿಗೆ ಇಂಬಳ (ಜಿಗಣೆ) ಹತ್ತುತ್ತದೆ, ಉಪ್ಪಿನ ಪೊಟ್ಟಣ ಇರಲಿ.

ಚಳಿಗೆ ಕಿಟಕಿ ಮುಚ್ಚಿ, ಎಂಜಿನ್ ಓಡಿಸಿಕೊಂಡು ಮಲಗಲೇಬೇಡಿ. ಸೈಲೆನ್ಸರ್ ಬಾಯಿಗೆ ಮಣ್ಣು ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರೀಯಲ್ಲಿ ಹಿಮಕ್ಕೆ ಸಿಕ್ಕಿ 20ಕ್ಕೂ ಹೆಚ್ಚು ಜನ ಸತ್ತರು, ಹಲವರು ಕಾರಿನೊಳಗೇ. ಆಗಾಗ ಹತ್ತು ನಿಮಿಷ ಹೀಟರ್ ಹಾಕಿ ಆರಿಸಿ, ಆಗಲೂ ಕಿಟಕಿ ಬೆರಳಷ್ಟು ತೆರೆದಿರಲಿ.

ಮುಂದೆ ವಾಹನ ನಿಂತಿದ್ದರೆ ದಯವಿಟ್ಟು ಬಲಕ್ಕೆ ನುಗ್ಗಿ ಎರಡನೇ ಸಾಲು ಮಾಡಬೇಡಿ. ಮಣ್ಣು ತೆಗೆಯುವ ಜೆಸಿಬಿ, ಆಂಬುಲೆನ್ಸ್ ಬರಬೇಕಾದ್ದು ಅದೇ ಜಾಗದಲ್ಲಿ. ಗುಡ್ಡದಿಂದ ಕೆಂಪು ನೀರು ಜೋರಾಗಿ ಇಳಿಯುತ್ತಿದ್ದರೆ, ಸಣ್ಣ ಕಲ್ಲು ಉದುರುತ್ತಿದ್ದರೆ ಮಾತ್ರ ಕಾರಿನ ಆಸೆ ಬಿಟ್ಟು ಎಲ್ಲರೂ ಇಳಿದು ದೂರ ಹೋಗಿ.

ಹೊರಡುವ ದಿನ ಚಿಕ್ಕಮಗಳೂರಿಗೋ ದಕ್ಷಿಣ ಕನ್ನಡಕ್ಕೋ ರೆಡ್ ಅಲರ್ಟ್ ಇದ್ದರೆ ಘಾಟಿ ಇಳಿಯಬೇಡಿ. ಮೂಡಿಗೆರೆಯಲ್ಲೇ ರೂಮು ಮಾಡಿ, ಬೆಳಕಾದ ಮೇಲೆ ಕೊಟ್ಟಿಗೆಹಾರದಲ್ಲಿ ವಿಚಾರಿಸಿ ಹೊರಡಿ.