ಎರಡು ವಿಎಂಗಳಿಗೆ (ವರ್ಚುವಲ್ ಮಷೀನ್) ಸ್ಟ್ಯಾಟಿಕ್ ಲೇಬಲ್ (ನಾವೇ ಬರೆದಿಡುವ ಭದ್ರತಾ ಗುರುತು) ಕೊಡಲೋ, ಎಸ್‌ಇಲಿನಕ್ಸ್ (ಲಿನಕ್ಸ್‌ನ ಭದ್ರತಾ ಕಾವಲು) ಪರ್ಮಿಸಿವ್ (ತಡೆಯದೆ ಬರೀ ದಾಖಲಿಸುವ ಸ್ಥಿತಿ) ಮಾಡಲೋ?

ಎರಡೂ ಬ್ಯಾಡ್ರಿ. ಡಿಸ್ಕ್ ಫೈಲುಗಳನ್ನು /ಡೇಟಾ/ವಿಎಂಗೆ ಸರಿಸಿದಾಗ ನಿಮಗೆ ಬಂದ "ಪರ್ಮಿಷನ್ ಡಿನೈಡ್" ಬೆಳಗಾವಿಯ ಒಂದು ಸಣ್ಣ ಆಫೀಸಿನ ಸರ್ವರ್‌ನಲ್ಲಿ ನನಗೂ ಬಂದಿತ್ತು. ನಾನು ಸ್ಟ್ಯಾಟಿಕ್ ದಾರಿ ಹಿಡಿದೆ. ವೆಬ್‌ಸೈಟ್ ವಿಎಂನ ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲಿನಲ್ಲಿ ಸೆಕ್‌ಲೇಬಲ್ (ಲೇಬಲ್ ಹೇಳುವ ಭಾಗ) ಬರೆದು ಕೊನೆಗೆ ಎಸ್0:ಸಿ392,ಸಿ662 ಇಟ್ಟೆ. ಎದ್ದಿತು. ಅದೇ ಎಕ್ಸ್‌ಎಂಎಲ್ ಕಾಪಿ ಮಾಡಿ ಲೆಕ್ಕಪತ್ರದ ವಿಎಂಗೆ ಹಾಕಿದೆ. ಹೆಸರು, ಯುಯುಐಡಿ, ಮ್ಯಾಕ್, ಡಿಸ್ಕ್ ಎಲ್ಲ ಬದಲಿಸಿದೆ, ಸಿ-ಜೋಡಿಯನ್ನು ಮಾತ್ರ ಬದಲಿಸಲಿಲ್ಲ.

ಆ ಜೋಡಿಯೇ ಎರಡು ವಿಎಂಗಳ ನಡುಗೋಡೆ. ಫೆಡೋರಾ, ರೆಡ್‌ಹ್ಯಾಟ್ ಕಡೆ ಲಿಬ್‌ವರ್ಟ್ (ವಿಎಂಗಳನ್ನು ನಿಭಾಯಿಸುವ ಸಾಫ್ಟ್‌ವೇರ್) ಎಲ್ಲ ವಿಎಂಗಳನ್ನೂ ಕ್ಯೂಇಎಂಯು ಅನ್ನುವ ಒಂದೇ ಯೂಸರ್ ಹೆಸರಲ್ಲಿ ಓಡಿಸುತ್ತದೆ. ಹಾಗಾಗಿ ಫೈಲಿನ ಅನುಮತಿ, ಒಡೆತನ ಬದಲಿಸುವ ಸಿಎಚ್‌ಮಾಡ್, ಸಿಎಚ್‌ಓನ್‌ನಿಂದ ಅವನ್ನು ಬೇರೆ ಮಾಡಲಾಗದು. ಲೇಬಲ್‌ನೊಳಗಿನ ಟೈಪ್ ಕೂಡ ಎರಡಕ್ಕೂ ಎಸ್‌ವರ್ಟ್_ಟಿ. ಉಳಿಯುವುದು ಆ ಎರಡು ಕ್ಯಾಟಗರಿ (ಸಿ-ಸಂಖ್ಯೆಗಳು) ಅಷ್ಟೇ. ಡೈನಾಮಿಕ್ ಆಗಿದ್ದರೆ ಲಿಬ್‌ವರ್ಟ್ ತಾನೇ ಸಿ0ಯಿಂದ ಸಿ1023ರೊಳಗೆ ಖಾಲಿ ಇರುವ ಜೋಡಿ ಆರಿಸಿ ಪ್ರೊಸೆಸ್‌ಗೂ ಡಿಸ್ಕ್‌ಗೂ ಹಚ್ಚುತ್ತದೆ. ಸ್ಟ್ಯಾಟಿಕ್ ಅಂದರೆ ಜೋಡಿ ಬೇರೆ ಬೇರೆ ಇಡುವ ಹೊಣೆ ನಮ್ಮದು. ಎಚ್ಚರಿಕೆಯ ಒಂದು ಸಾಲೂ ಬರಲಿಲ್ಲ.

ಆಮೇಲೆ ವೆಬ್‌ಸೈಟ್ ವಿಎಂಗೆ ಯಾರೋ ನುಗ್ಗಿದರು. ಅದೊಂದನ್ನು ಅಳಿಸಿ ಕಟ್ಟಿದರೆ ಮುಗಿಯಬೇಕಿತ್ತು. ಆದರೆ ಪ್ರೊಸೆಸ್‌ಗಳ ಲೇಬಲ್ ತೋರಿಸುವ ಪಿಎಸ್ -ಇಝಡ್ ಹೊಡೆದರೆ ಎರಡರ ಮೇಲೂ ಸಿ392,ಸಿ662! ವಿಎಂನಿಂದ ಹೊರಗೆ ಬರಲು ಬಿಡುವ, 2015ರ ವೆನಮ್‌ನಂಥ ಕ್ಯೂಇಎಂಯು (ವಿಎಂ ಓಡಿಸುವ ಪ್ರೋಗ್ರಾಂ) ದೋಷ ಅವರ ಕೈಯಲ್ಲಿದ್ದಿದ್ದರೆ ಲೆಕ್ಕಪತ್ರದ ಡಿಸ್ಕ್ ಓದಲು, ತಿದ್ದಲು ಅಡ್ಡಿಯೇ ಇರಲಿಲ್ಲ. ಅದನ್ನು ನಂಬಲಾಗದೆ ಅದನ್ನೂ ಹಳೆಯ ಬ್ಯಾಕಪ್‌ನಿಂದ ಕಟ್ಟಬೇಕಾಯಿತು. ಮಾರ್ಚ್ ಕೊನೆಯ ವಾರದಲ್ಲಿ ನಾಲ್ಕು ದಿನ ಹೋದವು.

ನಿಮ್ಮ ತೊಂದರೆ ಇರುವುದು ಡೈರೆಕ್ಟರಿಯ ಲೇಬಲ್‌ನಲ್ಲಿ. ವಿಎಂಗಳನ್ನು ನಿಲ್ಲಿಸಿ ಇದನ್ನು ಹೊಡೀರಿ:

ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ -ಎ -ಟಿ ವರ್ಟ್_ಇಮೇಜ್_ಟಿ "/ಡೇಟಾ/ವಿಎಂ(/.*)?"

ಆಮೇಲೆ ರಿಸ್ಟೋರ್‌ಕಾನ್ -ಆರ್‌ವಿ /ಡೇಟಾ/ವಿಎಂ, ಆರ್ ದೊಡ್ಡಕ್ಷರ. ಮೊದಲೇ ಸಿಎಚ್‌ಕಾನ್‌ನಿಂದ (ಲೇಬಲ್ ಬದಲಿಸುವ ಕಮಾಂಡ್) ಎಸ್‌ವರ್ಟ್_ಇಮೇಜ್_ಟಿ ಹಚ್ಚಿದ್ದರೆ ದೊಡ್ಡಕ್ಷರದ ಎಫ್ ಕೂಡ ಸೇರಿಸ್ರಿ, ಇಲ್ಲದಿದ್ದರೆ ರಿಸ್ಟೋರ್‌ಕಾನ್ ಆ ಫೈಲನ್ನು ಬಿಟ್ಟು ಮುಂದೆ ಹೋಗುತ್ತದೆ. ವಿಎಂ ಓಡುತ್ತಿರುವಾಗ ಮಾತ್ರ ಹೀಗೆ ಮಾಡಬೇಡ್ರಿ, ಅದರ ಕಾಲಡಿಯ ಡಿಸ್ಕ್ ಲೇಬಲ್ಲೇ ಹೋಗುತ್ತದೆ.

ಲಿಬ್‌ವರ್ಟ್‌ನ ಕಮಾಂಡ್ ವರ್ಶ್ ಎಡಿಟ್‌ನಲ್ಲಿ ಸೆಕ್‌ಲೇಬಲ್ ಭಾಗ ಪೂರ್ತಿ ತಗೀರಿ, ವರ್ಶ್ ಸ್ಟಾರ್ಟ್ ಕೊಡ್ರಿ. ವಿಎಂ ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು, ಹಳೆಯ ಪ್ರೊಸೆಸ್ ಹಳೆಯ ಲೇಬಲ್‌ನಲ್ಲೇ ಇರುತ್ತದೆ. ಡಿಸ್ಕ್ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿದ ಫೈಲ್ ಜಾಗ) ಮೇಲಿದ್ದರೆ ಸೆಟ್‌ಸೀಬೂಲ್ -ಪಿ ವರ್ಟ್_ಯೂಸ್_ಎನ್‌ಎಫ್‌ಎಸ್ ಆನ್ (ಪಿ ದೊಡ್ಡಕ್ಷರ). ಇನ್ನೂ ತಡೆದರೆ ಎಯುಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್ ಹೊಡೆದು, ಟಿಕಾಂಟೆಕ್ಸ್ಟ್‌ನಲ್ಲಿ (ತಡೆಯಾದ ಫೈಲಿನ ಲೇಬಲ್) ಯಾವ ಟೈಪ್ ಇದೆ ಅಂತ ಇಲ್ಲಿ ಹಾಕ್ರಿ, ನೋಡೋಣ.